ಪ್ರತಿಕ್ರಿಯೆ: ಟಾರ್ಗೆಟ್ ಬಿಗಿ ಮಾಡಬೇಡಿ, ಕೆಲಸದ ಹಂಚಿಕೆ ನೋಡಿ

ಗೋದಾಮಿಗೆ ಹೊಸ ಸಾಫ್ಟ್‌ವೇರ್ ಬಂದು, ಸಾಮಾನು ಎತ್ತುವವರು, ಪ್ಯಾಕ್ ಮಾಡುವವರು, ಲೇಬಲ್ ಅಂಟಿಸುವವರು ಅಂತ ಜನರನ್ನು ಬೇರೆ ಮಾಡಿದ ಮೇಲೆ ತಪ್ಪುಗಳೂ ರಜೆಗಳೂ ಹೆಚ್ಚಾದವು, ಟಾರ್ಗೆಟ್ ಬಿಗಿ ಮಾಡಲೇ ಅಂತ ಕೇಳಿದ್ದೀರಿ. ಸದ್ಯಕ್ಕೆ ಬೇಡ.

ಬ್ರಿಟನ್ನಿನ ಕಲ್ಲಿದ್ದಲು ಗಣಿಗಳಲ್ಲೂ ಹೀಗೇ ಆಗಿತ್ತು. ಮೊದಲು ಒಂದು ಸಣ್ಣ ತಂಡವೇ ಕಲ್ಲಿದ್ದಲು ಕಡಿದು, ತುಂಬಿ, ಮೇಲ್ಛಾವಣಿಗೆ ಆಸರೆ ಕೊಟ್ಟು ಇಡೀ ಕೆಲಸ ಮುಗಿಸುತ್ತಿತ್ತು. ಯಂತ್ರಗಳ ಜೊತೆ, ಕಲ್ಲಿದ್ದಲಿನ ಉದ್ದನೆಯ ಗೋಡೆಯನ್ನು ಒಟ್ಟಿಗೇ ಕಡಿಯುವ 'ಲಾಂಗ್‌ವಾಲ್' ಪದ್ಧತಿ ಬಂತು: ಒಂದು ಪಾಳಿ ಕಡಿಯುವುದು, ಇನ್ನೊಂದು ಕನ್ವೇಯರ್ ಸರಿಸುವುದು, ಮೂರನೆಯದು ತುಂಬುವುದು. ಒಂದು ಪಾಳಿಯ ಅರೆಬರೆ ಕೆಲಸ ಮುಂದಿನವರ ತಲೆಗೆ. ಮುಖ ನೋಡದವರ ಮೇಲೆ ತಪ್ಪು ಹೊರಿಸುವುದೂ ಸುಲಭ ತಾನೇ! ಜನ ಕೆಲಸಕ್ಕೆ ಚಕ್ಕರ್ ಹೊಡೆಯತೊಡಗಿದರು. 1951ರಲ್ಲಿ ಲಂಡನ್ನಿನ ಟ್ಯಾವಿಸ್ಟಾಕ್ ಸಂಶೋಧನಾ ಸಂಸ್ಥೆಯ ಎರಿಕ್ ಟ್ರಿಸ್ಟ್ ಮತ್ತು ಕೆನ್ ಬ್ಯಾಮ್‌ಫರ್ತ್ ಇದನ್ನು ವಿವರವಾಗಿ ಬರೆದರು. ಬ್ಯಾಮ್‌ಫರ್ತ್ ಸ್ವತಃ ಗಣಿಯಲ್ಲಿ ದುಡಿದವರು, ಆ ಬರಹದ ತೂಕ ಅಲ್ಲಿಂದಲೇ ಬಂದದ್ದು ಅಂತ ನನ್ನ ಎಣಿಕೆ. ಆಮೇಲೆ ಇಂಗ್ಲೆಂಡಿನ ಡರ್ಹಮ್‌ನ ಕೆಲವು ಗಣಿಗಳಲ್ಲಿ ಲಾಂಗ್‌ವಾಲನ್ನು ಉಳಿಸಿಕೊಂಡೇ ಕೆಲಸದ ಹಂಚಿಕೆ ಬದಲಾಯಿತು: ಹಿಂದಿನ ಪಾಳಿ ಬಿಟ್ಟಲ್ಲಿಂದ ಮುಂದುವರಿಸುವುದು, ಕೆಲಸವನ್ನು ತಾವೇ ಹಂಚಿಕೊಳ್ಳುವುದು, ಕೂಲಿ ಇಡೀ ಗುಂಪಿಗೆ. ಗೈರುಹಾಜರಿ ಇಳಿಯಿತು, ಉತ್ಪಾದನೆ ಏರಿತು.

ನೀವೂ ಒಂದು ಸಾಲಿನಲ್ಲಿ ನಾಲ್ಕೈದು ಜನರ ತಂಡಕ್ಕೆ ಪೂರ್ತಿ ಆರ್ಡರ್ ಕೊಟ್ಟು ನೋಡಿ. ಯಾರು ಏನು ಮಾಡಬೇಕು ಅನ್ನುವುದು ಅವರಿಗೇ ಬಿಡಿ. ಸ್ಕ್ರೀನಿನಲ್ಲಿ ಒಬ್ಬೊಬ್ಬರ ಅಂಕಿಯ ಬದಲು ತಂಡದ್ದು ಬರಲಿ. ಇನ್ಸೆಂಟಿವ್ ಮಾತ್ರ ತಲೆ ಲೆಕ್ಕದಲ್ಲೇ ಉಳಿದರೆ ತಂಡ ಹೆಸರಿಗಷ್ಟೇ ಇರುತ್ತದೆ, ಆದ್ದರಿಂದ ಮೊದಲು ಎಚ್‌ಆರ್‌ನವರ ಹತ್ತಿರ ಅದನ್ನು ಇತ್ಯರ್ಥ ಮಾಡಿಕೊಳ್ಳಿ.