ಎತ್ತಿಗೆ ಜ್ವರ, ಎಮ್ಮೆಗೆ ಬರೆಯೇ?

ಕಳೆದ ಸಂಚಿಕೆಯಲ್ಲಿ ಇಂಗ್ಲೆಂಡಿನ ಡರ್ಬಿ ಕೌಂಟಿ ಫುಟ್‌ಬಾಲ್ ಕ್ಲಬ್ಬಿನ 2021–22ರ ಋತುವಿನ ಬಗ್ಗೆ ಲೇಖನವೊಂದು ಪ್ರಕಟವಾಗಿತ್ತು. ಅದನ್ನು ಓದಿದ ದಾವಣಗೆರೆಯ ನಿವೃತ್ತ ಬ್ಯಾಂಕ್ ಉದ್ಯೋಗಿಯೊಬ್ಬರು ಹೀಗೆ ಬರೆದಿದ್ದಾರೆ:

"ಲೆಕ್ಕದಲ್ಲಿ ಎಡವಿದ್ದು ಮಾಲೀಕ, ಅಂಕ ಕಳೆದುಕೊಂಡಿದ್ದು ಬೆವರು ಸುರಿಸಿದ ಹುಡುಗರು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದಂತಾಯಿತಲ್ಲವೇ? ನಿಮ್ಮ ಲೇಖಕರು ಆ 21 ಅಂಕಗಳ ಶಿಕ್ಷೆಯನ್ನು 'ನಿಯಮದಂತೆ' ಎಂಬ ಒಂದೇ ಮಾತಿನಲ್ಲಿ ಮುಗಿಸಿದ್ದಾರೆ. 24 ತಂಡಗಳಲ್ಲಿ 23ನೆಯದಾಗಿ ಕೆಳಗಿಳಿದ ತಂಡವನ್ನು ಅಷ್ಟು ಹೊಗಳಿದ್ದೇಕೆ ಎಂಬುದೂ ತಿಳಿಯಲಿಲ್ಲ. ಆ ಋತುವಿನ ಒಂದೇ ಒಂದು ಪಂದ್ಯ ನೋಡುವುದಾದರೆ ಯಾವುದನ್ನು ನೋಡಲಿ, ಅದನ್ನಾದರೂ ತಿಳಿಸಿ."

ಮಾನ್ಯರೇ,

ಶಿಕ್ಷೆಯ ವಿಷಯವನ್ನು ಒಂದೇ ಸಾಲಿನಲ್ಲಿ ದಾಟಿಸಿದ್ದು ನಮ್ಮ ತಪ್ಪು. ಆ ಲೇಖನವನ್ನು ತಿದ್ದಿ ಅಚ್ಚಿಗೆ ಕಳಿಸಿದವನು ನಾನು, ಹಾಗಾಗಿ ಉತ್ತರ ಕೊಡಬೇಕಾದವನೂ ನಾನೇ. ನಿಮ್ಮ ಗಾದೆ ನನ್ನನ್ನು ಎರಡು ದಿನ ಕಾಡಿತು. ಅದು ಅರ್ಧ ನಿಜ ಎಂಬುದು ನನ್ನ ಅಭಿಪ್ರಾಯ.

ಮೊದಲು ಆ 21 ಅಂಕಗಳ ಲೆಕ್ಕ. 2021ರ ಸೆಪ್ಟೆಂಬರಿನಲ್ಲಿ ಕ್ಲಬ್ಬಿನ ಕೈಯಲ್ಲಿ ಹಣ ಮುಗಿದು, ಸಾಲ ತೀರಿಸಲಾಗದ ಕಂಪನಿಯನ್ನು ಆಡಳಿತಾಧಿಕಾರಿಗಳಿಗೆ ಒಪ್ಪಿಸುವ ಕಾನೂನಿಗೆ ಅದು ಒಳಪಟ್ಟಿತು. ಅದಕ್ಕೆ ಲೀಗಿನ ನಿಯಮದ ಪ್ರಕಾರ 12 ಅಂಕ ಹೋಯಿತು. ನವೆಂಬರಿನಲ್ಲಿ ಇನ್ನೂ 9. ಈ ಎರಡನೆಯದು ನಿಮ್ಮಂಥ ಲೆಕ್ಕ ಬಲ್ಲವರಿಗೆ ಬೇಗ ಅರ್ಥವಾಗುತ್ತದೆ. ಒಂದು ಕೋಟಿ ಪೌಂಡ್ ಕೊಟ್ಟು ನಾಲ್ಕು ವರ್ಷದ ಒಪ್ಪಂದಕ್ಕೆ ಆಟಗಾರನೊಬ್ಬನನ್ನು ತಂದರೆ, ಯಂತ್ರಕ್ಕೆ ಸವಕಳಿ ಬರೆಯುವ ಹಾಗೆ ವರ್ಷಕ್ಕೆ 25 ಲಕ್ಷದಂತೆ ಖರ್ಚು ತೋರಿಸುವುದು ರೂಢಿ. ಡರ್ಬಿ ಹಾಗೆ ಮಾಡಲಿಲ್ಲ. ಮುಂದೆ ಮಾರಿದರೆ ಇವನಿಗೆ ಇಷ್ಟು ಬಂದೀತು ಎಂದು ಅಂದಾಜು ಕಟ್ಟಿ, ಖರ್ಚಿನ ಬಹುಭಾಗವನ್ನು ಒಪ್ಪಂದದ ಕೊನೆಯ ಕಾಲಕ್ಕೆ ತಳ್ಳಿತು. ಆಗ ಈ ವರ್ಷದ ನಷ್ಟ ಚಿಕ್ಕದಾಗಿ ಕಾಣುತ್ತದೆ. ಎರಡನೇ ಹಂತದ ಲೀಗಾದ ಚಾಂಪಿಯನ್‌ಶಿಪ್‌ನಲ್ಲಿ ಆಗ ಮೂರು ವರ್ಷಕ್ಕೆ ಒಟ್ಟು 3 ಕೋಟಿ 90 ಲಕ್ಷ ಪೌಂಡ್‌ಗಿಂತ ಹೆಚ್ಚು ನಷ್ಟ ಮಾಡುವಂತಿರಲಿಲ್ಲ. ಮೇಲ್ಮನವಿ ಮಂಡಳಿ ಆ ಲೆಕ್ಕದ ಕ್ರಮ ಸರಿಯಲ್ಲವೆಂದಿತು. ಲೆಕ್ಕ ಮತ್ತೆ ಬರೆಸಿದಾಗ ಮಿತಿ ಮೀರಿದ್ದು ಹೊರಬಿತ್ತು.

ಮಾಲೀಕ ಮೆಲ್ ಮಾರಿಸ್ ಹೊರಗಿನಿಂದ ಬಂದು ದೋಚಿದವರಲ್ಲ. ಡರ್ಬಿಯಲ್ಲೇ ಹುಟ್ಟಿದವರು, ಆ ಕ್ಲಬ್ಬಿನ ಅಭಿಮಾನಿ. ಕ್ಯಾಂಡಿ ಕ್ರಷ್ ಆಟ ತಯಾರಿಸಿದ ಕಂಪನಿಯಿಂದ ಗಳಿಸಿದ್ದನ್ನು ತಂದು ಇಲ್ಲಿ ಸುರಿದರು. ಆಸೆ ಒಂದೇ, ಮೊದಲ ಹಂತದ ಪ್ರೀಮಿಯರ್ ಲೀಗಿಗೆ ಏರುವುದು. 2019ರಲ್ಲಿ, ಅಲ್ಲಿಗೆ ಏರುವ ಕೊನೆಯ ಅವಕಾಶಕ್ಕಾಗಿ ವೆಂಬ್ಲಿಯಲ್ಲಿ ನಡೆದ ಪ್ಲೇಆಫ್ ಫೈನಲ್‌ವರೆಗೆ ಹೋಗಿ ಆಸ್ಟನ್ ವಿಲ್ಲಾಗೆ 2–1ರಲ್ಲಿ ಸೋತರು. ಆ ಒಂದು ಪಂದ್ಯ ಗೆದ್ದಿದ್ದರೆ ಬರುವ ಟಿವಿ ಹಕ್ಕಿನ ಹಣದಲ್ಲಿ ಹಿಂದಿನದ್ದೆಲ್ಲ ತೀರುತ್ತಿತ್ತು. ಇದು ಅವರೊಬ್ಬರ ಜೂಜಲ್ಲ. ಹಲವು ವರ್ಷ ಚಾಂಪಿಯನ್‌ಶಿಪ್ ಕ್ಲಬ್ಬುಗಳು ಕೊಡುವ ಒಟ್ಟು ಸಂಬಳವೇ ಅವುಗಳ ಒಟ್ಟು ಆದಾಯವನ್ನು ಮೀರಿತ್ತು. ಮೂರು ಮನೆಯ ಸಾಲ ತಂದು ಒಂದು ಮದುವೆ ಮಾಡುವ ಹಾಗೆ.

ಈಗ ನಿಮ್ಮ ಗಾದೆಗೆ ಬರುತ್ತೇನೆ. ಬರೆ ಎಮ್ಮೆಗೆ ಬಿತ್ತು, ನಿಜ. ಆದರೆ ಈ ಕಥೆಯಲ್ಲಿ ಪಕ್ಕದ ಮನೆಯ ಕೊಟ್ಟಿಗೆಯೂ ಇದೆ. 2020–21ರಲ್ಲಿ ಡರ್ಬಿ 44 ಅಂಕದೊಂದಿಗೆ ಕೂದಲೆಳೆಯಲ್ಲಿ ಉಳಿದುಕೊಂಡಿತು. ಅದರ ಕೆಳಗೆ 43 ಅಂಕ ಪಡೆದು ಮೂರನೇ ಹಂತಕ್ಕೆ ಇಳಿದು ಹೋದದ್ದು ವಿಕಂಬ್ ವಾಂಡರರ್ಸ್. ತನ್ನ ಇತಿಹಾಸದಲ್ಲಿ ಮೊದಲ ಬಾರಿಗೆ ಎರಡನೇ ಹಂತಕ್ಕೆ ಏರಿದ್ದ ಪುಟ್ಟ ಕ್ಲಬ್ಬು, ಒಂದೇ ಒಂದು ಅಂಕಕ್ಕೆ ಸೋತಿತು. ಡರ್ಬಿಗೆ ಶಿಕ್ಷೆ ಒಂದು ವರ್ಷ ಮೊದಲೇ ಆಗಿದ್ದರೆ ವಿಕಂಬ್ ಉಳಿಯುತ್ತಿತ್ತು. ಅದೇ ವರ್ಷ ಶೆಫೀಲ್ಡ್ ವೆನ್ಸ್‌ಡೇ ತಂಡದಿಂದ ಇಂಥದ್ದೇ ತಪ್ಪಿಗೆ 6 ಅಂಕ ಕಿತ್ತುಕೊಂಡಿದ್ದರು. ಕೊನೆಗೆ ಅದಕ್ಕೆ ಉಳಿದದ್ದು 41. ಆ 6 ಅಂಕ ಇದ್ದಿದ್ದರೆ ಅದು ಉಳಿದು ಡರ್ಬಿಯೇ ಮುಳುಗುತ್ತಿತ್ತು. ಅಂದರೆ ಇನ್ನೊಬ್ಬರಿಗೆ ಬಿದ್ದ ಬರೆಯಿಂದ ಡರ್ಬಿ ಒಂದು ವರ್ಷ ಬದುಕಿತ್ತು.

ಆದ್ದರಿಂದ ಅಂಕ ಕಡಿತ ಅನ್ಯಾಯ ಎಂದು ನಾನು ಹೇಳಲಾರೆ. ಮಿತಿಯೊಳಗೆ ಖರ್ಚು ಮಾಡಿದ ತಂಡಗಳಿಗೆ ಬೇರೆ ಯಾವ ಪರಿಹಾರವಿದೆ? ಆದರೆ ಅದು ತಡವಾಗಿ ಬಂದ ನ್ಯಾಯ. ಆರೋಪ, ವಿಚಾರಣೆ, ಮೇಲ್ಮನವಿ ಎನ್ನುತ್ತ ವರ್ಷಗಳು ಸರಿದವು. ಶಿಕ್ಷೆ ಬರುವ ಹೊತ್ತಿಗೆ ದುಬಾರಿ ಆಟಗಾರರಲ್ಲಿ ಹೆಚ್ಚಿನವರು ಹೋಗಿಯಾಗಿತ್ತು, ಮಾಲೀಕರು ಕೈಬಿಟ್ಟಾಗಿತ್ತು. ಮೈದಾನದಲ್ಲಿ ಉಳಿದಿದ್ದವರಲ್ಲಿ ಅನೇಕರು ಕ್ಲಬ್ಬಿನ ಅಕಾಡೆಮಿಯಿಂದ ಬಂದ ಇಪ್ಪತ್ತರ ಆಸುಪಾಸಿನ ಹುಡುಗರು. ನಿಮ್ಮ ಸಿಟ್ಟು ಇಲ್ಲಿ ನ್ಯಾಯವಾದದ್ದು, ನನ್ನದೂ ಅದೇ ಸಿಟ್ಟು. ಕ್ಲಬ್ಬುಗಳ ಹಣಕಾಸನ್ನು ಮುಂಚೆಯೇ ನೋಡಿಕೊಳ್ಳುವ ಸ್ವತಂತ್ರ ನಿಯಂತ್ರಕರಿಗಾಗಿ ಇಂಗ್ಲೆಂಡಿನಲ್ಲಿ ಕಾನೂನು ಆದದ್ದು 2025ರಲ್ಲಿ.

ಈಗ ಹೊಗಳಿಕೆಯ ಮಾತು. ಡರ್ಬಿ ಸಾಮಾನ್ಯ ಕ್ಲಬ್ಬಲ್ಲ. 1888ರಲ್ಲಿ ಫುಟ್‌ಬಾಲ್ ಲೀಗ್ ಕಟ್ಟಿದ 12 ಕ್ಲಬ್ಬುಗಳಲ್ಲಿ ಇದೂ ಒಂದು. ಅಲ್ಲಿನ ಕ್ರಿಕೆಟ್ ಕ್ಲಬ್ಬಿನವರೇ 1884ರಲ್ಲಿ ಹುಟ್ಟುಹಾಕಿದ್ದು. 1972 ಮತ್ತು 1975ರಲ್ಲಿ ಇಡೀ ಇಂಗ್ಲೆಂಡಿನ ಚಾಂಪಿಯನ್. ಅಂಥ ಕ್ಲಬ್ಬಿನ ಅಂಕಪಟ್ಟಿ ನವೆಂಬರಿನಲ್ಲಿ ಹೇಗಿತ್ತು ಗೊತ್ತೇ? ಮೈನಸ್ ಮೂರು. 17 ಪಂದ್ಯ ಆಡಿ, 18 ಅಂಕ ಗಳಿಸಿ, ಸೊನ್ನೆಗಿಂತ ಕೆಳಗೆ. ಅದಾದ ಐದನೇ ದಿನ ಬೋರ್ನ್‌ಮತ್ ವಿರುದ್ಧ ಪಂದ್ಯ. ಆ ಋತುವಿನ ಕೊನೆಗೆ ಪ್ರೀಮಿಯರ್ ಲೀಗಿಗೆ ಏರಿದ ತಂಡ ಅದು. ಡರ್ಬಿ 3–2ರಿಂದ ಗೆದ್ದಿತು. ನಾಯಕ ಟಾಮ್ ಲಾರೆನ್ಸ್ ಎರಡು ಗೋಲು ಹೊಡೆದ. ಗೆದ್ದು ತಲುಪಿದ್ದು ಎಲ್ಲಿಗೆ? ಸೊನ್ನೆಗೆ. ಸೊನ್ನೆಯನ್ನು ಮುಟ್ಟಿದ್ದಕ್ಕೆ ಒಂದು ಕ್ರೀಡಾಂಗಣ ಸಂಭ್ರಮಿಸಿದ್ದನ್ನು ನಾನು ಬೇರೆಲ್ಲೂ ಕಂಡಿಲ್ಲ.

ತರಬೇತುದಾರ ವೇಯ್ನ್ ರೂನಿ. ಹಣ ಕೊಟ್ಟು ಯಾರನ್ನೂ ಕೊಳ್ಳುವಂತಿರಲಿಲ್ಲ. 39 ವರ್ಷದ ಅನುಭವಿ ರಕ್ಷಕ ಫಿಲ್ ಜಾಗಿಯೆಲ್ಕನ ಒಪ್ಪಂದ ಜನವರಿಯಲ್ಲಿ ಮುಗಿದಾಗ ಅದನ್ನು ಮುಂದುವರಿಸಲೂ ನಿರ್ಬಂಧ ಬಿಡಲಿಲ್ಲ. ಆತ ಸ್ಟೋಕ್‌ಗೆ ಹೋದ. ಅದೇ ತಿಂಗಳು ರೂನಿಗೆ ಎವರ್ಟನ್‌ನಿಂದ ಕರೆ ಬಂತು. ಆತ ಹುಡುಗನಾಗಿ ಬೆಳೆದ, ಪ್ರೀತಿಸಿದ ಕ್ಲಬ್ಬು ಅದು, ಅದೂ ಪ್ರೀಮಿಯರ್ ಲೀಗಿನಲ್ಲಿತ್ತು. ಸಂದರ್ಶನಕ್ಕೇ ಹೋಗಲಿಲ್ಲ, ಡರ್ಬಿಯಲ್ಲೇ ಉಳಿದ. ಸಂಬಳ ಮುಂದಿನ ತಿಂಗಳು ಬರುತ್ತದೋ ಇಲ್ಲವೋ ಎಂಬ ಕಡೆ ಹುಡುಗರು ಪ್ರತಿ ಶನಿವಾರ ಓಡಿದರೆಂದರೆ ಅದಕ್ಕೆ ಆತನೂ ಕಾರಣ.

ಏಪ್ರಿಲ್ 15ರಂದು ಲೀಗಿನ ಅಗ್ರಸ್ಥಾನದಲ್ಲಿದ್ದ ಫುಲ್‌ಹ್ಯಾಮ್ ತಂಡವನ್ನೇ 2–1ರಿಂದ ಸೋಲಿಸಿದರು. ಮೂರು ದಿನಕ್ಕೆ, ಈಸ್ಟರ್ ಸೋಮವಾರ, ಲಂಡನ್ನಿನಲ್ಲಿ ಕ್ವೀನ್ಸ್ ಪಾರ್ಕ್ ರೇಂಜರ್ಸ್ ವಿರುದ್ಧ ಪಂದ್ಯ. ನಮ್ಮಲ್ಲಿ ರಾತ್ರಿ ಊಟದ ಹೊತ್ತು. ನಾನು ಎರಡು ಪಂದ್ಯಗಳ ಸ್ಕೋರ್ ನೋಡುತ್ತಾ ಕೂತಿದ್ದೆ, ಏಕೆಂದರೆ ಕೆಳಗಿಳಿಯದೆ ಉಳಿಯಲು ಡರ್ಬಿ ಹಿಡಿಯಬೇಕಿದ್ದದ್ದು ರೆಡಿಂಗ್ ತಂಡವನ್ನು. ರೆಡಿಂಗ್ ಸ್ವಾನ್ಸಿ ವಿರುದ್ಧ 4–1ರಿಂದ ಹಿಂದಿತ್ತು. ಇನ್ನೂ ಜೀವವಿದೆ ಅಂದುಕೊಂಡೆ. ಆಮೇಲೆ ರೆಡಿಂಗ್ ಒಂದೊಂದೇ ಗೋಲು ಹೊಡೆಯುತ್ತಾ ಬಂತು. ಇತ್ತ 88ನೇ ನಿಮಿಷದಲ್ಲಿ ಕ್ವೀನ್ಸ್ ಪಾರ್ಕ್‌ನ ಲ್ಯೂಕ್ ಏಮೋಸ್ ಗೋಲು ಹೊಡೆದ. ಅತ್ತ ರೆಡಿಂಗ್ 95ನೇ ನಿಮಿಷದಲ್ಲಿ 4–4 ಮಾಡಿತು. ಡರ್ಬಿ ಇಳಿಯಿತು. ತಟ್ಟೆ ಮುಂದಿದ್ದರೂ ನನಗೆ ಊಟ ಸೇರಲಿಲ್ಲ.

ಋತು ಮುಗಿದಾಗ ಪಟ್ಟಿಯಲ್ಲಿ ಡರ್ಬಿಗೆ ಇದ್ದದ್ದು 34 ಅಂಕ. ಆಟವಾಡಿ ಗಳಿಸಿದ್ದು 55: 14 ಗೆಲುವು, 13 ಡ್ರಾ, 19 ಸೋಲು. 41 ಅಂಕ ಪಡೆದ ರೆಡಿಂಗ್ ಉಳಿಯಿತು. ಆ 55ನ್ನು ಲೆಕ್ಕಕ್ಕೆ ತೆಗೆದುಕೊಂಡರೆ ಡರ್ಬಿ 17ನೇ ಸ್ಥಾನದಲ್ಲಿ ನಿಶ್ಚಿಂತೆಯಿಂದ ಇರುತ್ತಿತ್ತು. ನೀವು 23ನೇ ಸ್ಥಾನ ನೋಡಿದಿರಿ, ನಮ್ಮ ಲೇಖಕರು 55 ಅಂಕ ನೋಡಿದರು. ಪಟ್ಟಿಯಿಂದ ಅಳಿಸಿದರೂ ಆ ಅಂಕಗಳನ್ನು ದುಡಿದವರು ಆ ಹುಡುಗರೇ, ಹೊಗಳಿಕೆ ಅದಕ್ಕೆ ಸಂದದ್ದು. ಜೂನ್‌ನಲ್ಲಿ ರೂನಿ ಹೊರಟ. ಜುಲೈ 1ರಂದು ಡರ್ಬಿಯ ಸ್ಥಳೀಯ ಉದ್ಯಮಿ, ಅಭಿಮಾನಿ ಡೇವಿಡ್ ಕ್ಲೋವ್ಸ್ ಕ್ಲಬ್ಬನ್ನು ಕೊಂಡು ಮುಚ್ಚದಂತೆ ಉಳಿಸಿದರು. 2024ರಲ್ಲಿ ತಂಡ ಎರಡನೇ ಹಂತಕ್ಕೆ ಮರಳಿತು.

ಇನ್ನು ನೀವು ಕೇಳಿದ ಆ ಒಂದು ಪಂದ್ಯ. 2022ರ ಜನವರಿ 30, ಬರ್ಮಿಂಗ್‌ಹ್ಯಾಮ್ ಸಿಟಿ ವಿರುದ್ಧ ನಡೆದದ್ದನ್ನು ನೋಡಿ. ಕ್ಲಬ್ಬು ಮುಚ್ಚಿಯೇ ಹೋಗಬಹುದು ಎಂಬ ಭಯವಿದ್ದ ದಿನಗಳವು. ಆ ಮಧ್ಯಾಹ್ನ ಸಾವಿರಾರು ಜನ, ಅಜ್ಜ ಮೊಮ್ಮಕ್ಕಳೆಲ್ಲ ಸೇರಿ, ಪೇಟೆಯಿಂದ ಪ್ರೈಡ್ ಪಾರ್ಕ್ ಕ್ರೀಡಾಂಗಣದವರೆಗೆ ಮೆರವಣಿಗೆಯಲ್ಲಿ ನಡೆದು ಹೋದರು. ಒಳಗೆ 30 ಸಾವಿರಕ್ಕೂ ಹೆಚ್ಚು ಜನ. ಪಂದ್ಯದಲ್ಲಿ ಡರ್ಬಿ 2–0ರಿಂದ ಹಿಂದೆ. ಕೊನೆಯ ನಿಮಿಷಗಳಲ್ಲಿ ಹುಡುಗ ಲ್ಯೂಕ್ ಪ್ಲಾಂಜ್ ಒಂದು ಗೋಲು ಮರಳಿಸಿದ. ಮೊಣಕಾಲಿನ ಗಾಯದಿಂದ ಸುಮಾರು ಒಂದು ವರ್ಷ ಹೊರಗಿದ್ದ ಕ್ರಿಸ್ಟಿಯನ್ ಬಿಯೆಲಿಕ್ ಬದಲಿ ಆಟಗಾರನಾಗಿ ಇಳಿದಿದ್ದ. 96ನೇ ನಿಮಿಷದಲ್ಲಿ ಚೆಂಡು ಮೇಲೆದ್ದಾಗ ಗೋಲಿಗೆ ಬೆನ್ನು ಹಾಕಿ ನಿಂತಿದ್ದವನು ಗಾಳಿಯಲ್ಲಿ ಮಲಗಿ, ತಲೆಯ ಮೇಲಿಂದ ಒದ್ದ. ಧ್ವನಿ ಏರಿಸಿಕೊಂಡು ನೋಡಿ.

— ಸಂಪಾದಕ