ರಕ್ತದಲ್ಲಿ ಆಂಟಿಬಾಡಿ ಇಲ್ಲ, ಸ್ಕ್ಯಾನ್‌ನಲ್ಲಿ ಥೈರಾಯ್ಡೈಟಿಸ್: ಯಾವುದನ್ನು ನಂಬಲಿ?

ಎರಡೂ ನಿಜ ಇರಬಹುದು. ನೀವು ಬರೆದ ಪ್ರಕಾರ, ಥೈರಾಯ್ಡ್‌ಗೆ ಕೆಲಸ ಮಾಡು ಅಂತ ಹೇಳುವ ಹಾರ್ಮೋನ್ ಟಿಎಸ್‌ಎಚ್ 7.2, ಅಂದರೆ ಏರಿದೆ. ಥೈರಾಯ್ಡ್ ತಯಾರಿಸುವ ಹಾರ್ಮೋನ್ ಟಿ4 ನಾರ್ಮಲ್. ಥೈರಾಯ್ಡ್ ವಿರುದ್ಧ ದೇಹವೇ ಮಾಡುವ ಆಂಟಿಬಾಡಿ, ಆಂಟಿ-ಟಿಪಿಒ, ನೆಗೆಟಿವ್. ಆದರೆ ಕತ್ತಿನ ಅಲ್ಟ್ರಾಸೌಂಡ್ ಸ್ಕ್ಯಾನ್ ರಿಪೋರ್ಟ್ 'ಥೈರಾಯ್ಡೈಟಿಸ್', ಅಂದರೆ ಥೈರಾಯ್ಡ್ ಗ್ರಂಥಿಯ ಉರಿಯೂತ, ಅನ್ನುತ್ತಿದೆ, ಅಲ್ವಾ? ನಾನು ದಿನಾ ಸ್ಕ್ಯಾನ್ ಮಾಡುವ ರೇಡಿಯಾಲಜಿಸ್ಟ್. ಇದೇ ಗೊಂದಲ ಹೊತ್ತು ಬರುವವರು ಇದ್ದಾರೆ.

ಥೈರಾಯ್ಡೈಟಿಸ್‌ಗೆ ಸಾಮಾನ್ಯ ಕಾರಣ ಹಶಿಮೊಟೊ, ಅಂದರೆ ದೇಹದ ರಕ್ಷಣಾ ವ್ಯವಸ್ಥೆಯೇ ಥೈರಾಯ್ಡ್ ಮೇಲೆ ದಾಳಿ ಮಾಡುವ ಕಾಯಿಲೆ. ಅದು ಇರುವ ನೂರರಲ್ಲಿ ಸುಮಾರು 90 ಜನರ ರಕ್ತದಲ್ಲಿ ಈ ಆಂಟಿಬಾಡಿ ಸಿಗುತ್ತದೆ. ಉಳಿದವರಲ್ಲಿ ಸಿಗುವುದಿಲ್ಲ. ಅಂಥವರಿಗೆ ಸ್ಕ್ಯಾನ್ ನಿಜಕ್ಕೂ ನೆರವಾಗುತ್ತದೆ.

ನಮಗೆ ಏನು ಕಾಣುತ್ತದೆ ಅಂತ ಹೇಳುತ್ತೇನೆ. ಥೈರಾಯ್ಡ್ ತುಂಬ ಕಣ್ಣಿಗೆ ಕಾಣದಷ್ಟು ಚಿಕ್ಕ ಚೀಲಗಳಿರುತ್ತವೆ. ಒಳಗೆ ಹಾರ್ಮೋನ್ ಕೂಡಿಟ್ಟ ಅಂಟು ದ್ರವ. ಲೆಕ್ಕವಿಲ್ಲದ ಆ ಗೋಡೆಗಳಿಗೆ ತಾಗಿ ಶಬ್ದದ ಅಲೆಗಳು ವಾಪಸ್ ಬರುತ್ತವೆ. ಹಾಗಾಗಿ ಪರದೆಯಲ್ಲಿ ಒಳ್ಳೆಯ ಗ್ರಂಥಿ ಪಕ್ಕದ ಸ್ನಾಯುವಿಗಿಂತ ಬೆಳ್ಳಗೆ, ನಯವಾಗಿ ರುಬ್ಬಿದ ಹಿಟ್ಟಿನ ಹಾಗೆ ಒಂದೇ ಸಮ ಇರುತ್ತದೆ. ಹಶಿಮೊಟೊದಲ್ಲಿ ನಮ್ಮದೇ ಬಿಳಿ ರಕ್ತಕಣಗಳು ಗ್ರಂಥಿಯೊಳಗೆ ನುಗ್ಗಿ ಆ ಚೀಲಗಳನ್ನು ಹಾಳು ಮಾಡುತ್ತವೆ. ಗೋಡೆ ಕಡಿಮೆಯಾದಷ್ಟೂ ವಾಪಸ್ ಬರುವ ಅಲೆ ಕಡಿಮೆ, ಗ್ರಂಥಿ ಕಪ್ಪಾಗುತ್ತದೆ. ಸಾಸಿವೆ ಚೆಲ್ಲಿದ ಹಾಗೆ ಸಣ್ಣ ಕಪ್ಪು ಚುಕ್ಕೆಗಳು, ನಡುನಡುವೆ ನಾರಿನ ಬಿಳಿ ಗೆರೆಗಳು. ರಿಪೋರ್ಟ್‌ನಲ್ಲಿ 'ಹೆಟರೋಜೀನಿಯಸ್', 'ಹೈಪೋಎಕೋಯಿಕ್' ಅಂತ ಬರೆಯುವುದು ಇದನ್ನೇ.

ಆದರೆ ಚಿತ್ರ ನೋಡಿ ಕಾಯಿಲೆಗೆ ಹೆಸರಿಡುವಾಗ ನಾವು ಹುಷಾರಾಗಿರಬೇಕು. ಥೈರಾಯ್ಡ್ ಅತಿಯಾಗಿ ಕೆಲಸ ಮಾಡುವ ಗ್ರೇವ್ಸ್ ಕಾಯಿಲೆಯಲ್ಲೂ ಗ್ರಂಥಿ ಕಪ್ಪಾಗುತ್ತದೆ. ಅಲ್ಲಿ ರಕ್ತದ ಓಟವನ್ನು ಬಣ್ಣದಲ್ಲಿ ತೋರಿಸುವ ಡಾಪ್ಲರ್ ಹಾಕಿದರೆ ಇಡೀ ಗ್ರಂಥಿ ಬಣ್ಣದಿಂದ ಉರಿಯುವ ಹಾಗೆ ಕಾಣುತ್ತದೆ, ರಕ್ತದ ಓಟ ಅಷ್ಟು ಜೋರು. ಹಶಿಮೊಟೊದಲ್ಲೂ ಕೆಲವೊಮ್ಮೆ ಬಣ್ಣ ಜಾಸ್ತಿ ಇರುತ್ತದೆ, ಹಾಗಾಗಿ ಅದೊಂದನ್ನೇ ನಂಬಿ ಹೇಳಲು ಆಗಲ್ಲ. ಗ್ರೇವ್ಸ್‌ನಲ್ಲಿ ಟಿಎಸ್‌ಎಚ್ ಇಳಿಯುತ್ತದೆ. ನಿಮ್ಮದು ಏರಿರುವುದರಿಂದ ಗ್ರೇವ್ಸ್ ಯೋಚನೆ ಸದ್ಯಕ್ಕೆ ಬೇಡ.

ರಿಪೋರ್ಟ್‌ನಲ್ಲಿ 'ಸ್ಯೂಡೋನಾಡ್ಯೂಲ್' ಅನ್ನುವ ಪದ ನೋಡಿ ಹೆದರಿದ್ದೀರಿ. ಉರಿಯೂತದ ತೇಪೆಯೊಂದು ಗಂಟಿನ ಹಾಗೆ ಕಂಡಿದೆ ಅಂತ ಅದರ ಅರ್ಥ. ಕತ್ತಿನ ಮೇಲಿಡುವ ಪ್ರೋಬನ್ನು ಅಡ್ಡಕ್ಕೂ ಉದ್ದಕ್ಕೂ ಹಿಡಿದು ನೋಡಿದರೆ ಅದಕ್ಕೆ ಗಂಟಿನ ಆಕಾರ ಉಳಿಯುವುದಿಲ್ಲ. ನಾನು ಕೆಲಸಕ್ಕೆ ಸೇರಿದ ಹೊಸತರಲ್ಲಿ ಒಬ್ಬ ಹೆಂಗಸಿನ ಸ್ಕ್ಯಾನ್‌ನಲ್ಲಿ ಇಂಥದ್ದೊಂದನ್ನು ಗಂಟು ಅಂತಲೇ ಬರೆದಿದ್ದೆ. ಆಕೆ ಸೂಜಿ ಪರೀಕ್ಷೆಗೆ ಹೋಗಬೇಕಾಯಿತು. ಅಲ್ಲಿ ಸಿಕ್ಕಿದ್ದು ಬಿಳಿ ರಕ್ತಕಣಗಳು ಮಾತ್ರ. ರಿಸಲ್ಟ್ ಬರುವವರೆಗೆ ಆಕೆ ಪಟ್ಟ ಸಂಕಟ ನನಗೆ ಇನ್ನೂ ನೆನಪಿದೆ. ಆಮೇಲಿಂದ ಅವಸರ ಮಾಡುವುದಿಲ್ಲ.

ಥೈರಾಯ್ಡ್ ಮಾತ್ರೆ ಬೇಕಾ ಅಂತ ಸ್ಕ್ಯಾನ್ ಹೇಳುವುದಿಲ್ಲ. ಎರಡು ಮೂರು ತಿಂಗಳು ಬಿಟ್ಟು ಟಿಎಸ್‌ಎಚ್, ಟಿ4 ಮತ್ತೆ ಮಾಡಿಸಿ. ನಿಮ್ಮ ವಯಸ್ಸು, ಸುಸ್ತು, ತೂಕ ಎಲ್ಲ ನೋಡಿ ಡಾಕ್ಟರ್ ತೀರ್ಮಾನ ಮಾಡುತ್ತಾರೆ. ಮಗು ಬೇಕು ಅಂದುಕೊಂಡಿದ್ದರೆ ಕಾಯಬೇಡಿ, ಈಗಲೇ ಡಾಕ್ಟರ್‌ಗೆ ಹೇಳಿ. ನಿಜವಾದ ಗಂಟು ಇಲ್ಲದಿದ್ದರೆ ವರ್ಷ ವರ್ಷ ಸುಮ್ನೆ ಸ್ಕ್ಯಾನ್ ಮಾಡಿಸುವ ಅಗತ್ಯ ಇಲ್ಲ.

ಇನ್ನೊಂದು ಮಾತು. ಕೂದಲು ಉದುರುತ್ತಿದೆ ಅಂದಿರಿ. ಅದಕ್ಕೆ ಬಯೋಟಿನ್ ಅನ್ನುವ ವಿಟಮಿನ್ ಮಾತ್ರೆ ತಗೊಳ್ತಿದ್ದರೆ ಕೆಲವು ಲ್ಯಾಬ್‌ಗಳಲ್ಲಿ ಥೈರಾಯ್ಡ್ ರಿಸಲ್ಟ್ ತಪ್ಪಾಗಿ ಬರಬಹುದು. ರಕ್ತ ಕೊಡುವ ಎರಡು ದಿನ ಮುಂಚೆಯಾದರೂ ನಿಲ್ಲಿಸಿ, ಲ್ಯಾಬಿನವರಿಗೂ ಹೇಳಿ.