ಪರ್ಮಿಟ್‌ಗೆ ಸಹಿ ಹಾಕಿದವರು ಜಾಗಕ್ಕೆ ಹೋಗಿ ನೋಡಿದ್ದಾರಾ?

ಈ ಸಲ ಬಂದ ಪ್ರಶ್ನೆಗಳಲ್ಲಿ ಹೆಚ್ಚಿನವು ವರ್ಕ್ ಪರ್ಮಿಟ್ ಬಗ್ಗೆಯೇ ಇವೆ. ಪೀಣ್ಯ, ಜಿಗಣಿ, ದಾಬಸ್‌ಪೇಟೆ ಕಡೆಯಿಂದ ಬರೆದಿದ್ದಾರೆ, ಒಂದು ಅಪಾರ್ಟ್‌ಮೆಂಟಿನಿಂದಲೂ ಬಂದಿದೆ. ಕಾರ್ಖಾನೆ ಕೆಲಸದ ಪರಿಚಯ ಇಲ್ಲದವರಿಗೆ ಒಂದು ಮಾತು ಹೇಳಿಬಿಡುತ್ತೇನೆ. ವೆಲ್ಡಿಂಗ್, ಟ್ಯಾಂಕ್ ಒಳಗೆ ಇಳಿಯೋದು, ಎತ್ತರದಲ್ಲಿ ಕೆಲಸ, ಕರೆಂಟ್ ಲೈನ್ ಬಿಚ್ಚೋದು, ನೆಲ ಅಗೆಯೋದು, ಇಂಥ ಕೆಲಸ ಶುರು ಮಾಡುವ ಮುಂಚೆ ಏನೇನು ಅಪಾಯ ಇದೆ, ಅದಕ್ಕೆ ಏನು ಮಾಡಿದ್ದೇವೆ ಅಂತ ಬರೆದು, ಜವಾಬ್ದಾರಿ ಇರುವವರು ಸಹಿ ಹಾಕುವ ಹಾಳೆಯೇ ಪರ್ಮಿಟ್.

ಪ್ರಶ್ನೆ: ಪೀಣ್ಯದ ಒಂದು ಕಾರ್ಖಾನೆಯಲ್ಲಿ ಮೇಂಟೆನೆನ್ಸ್ ಸೂಪರ್‌ವೈಸರ್ ಆಗಿದ್ದೇನೆ. ಬೆಳಿಗ್ಗೆ ಎಲ್ಲ ಪರ್ಮಿಟ್‌ಗಳಿಗೂ ಒಟ್ಟಿಗೆ ಆಫೀಸಿನಲ್ಲೇ ಸಹಿ ಹಾಕಿಸಿಕೊಂಡು ಬರುತ್ತೇವೆ. ಒಂದೊಂದು ಕೆಲಸಕ್ಕೂ ಇಂಜಿನಿಯರ್ ಬಂದು ನೋಡಬೇಕು ಅಂದರೆ ಅರ್ಧ ದಿನ ಅಲ್ಲೇ ಹೋಗುತ್ತದೆ. ಇದರಲ್ಲಿ ತಪ್ಪೇನು ಸರ್?

ತಪ್ಪಿದೆ, ದೊಡ್ಡದೇ ಇದೆ. ನಿಮ್ಮ ಕಷ್ಟ ಗೊತ್ತಾಗುತ್ತದೆ. ಲೈನ್ ನಿಂತಿರುತ್ತದೆ, ಪ್ರೊಡಕ್ಷನ್‌ನವರು ಫೋನ್ ಮೇಲೆ ಫೋನ್ ಮಾಡುತ್ತಿರುತ್ತಾರೆ, ಕಾಂಟ್ರಾಕ್ಟರ್ ಹುಡುಗರು ಸುಮ್ನೆ ಕೂತಿರುತ್ತಾರೆ, ಅವರ ಕೂಲಿ ಓಡುತ್ತಿರುತ್ತದೆ. ಆದರೂ ಒಂದು ವಿಷಯ ಯೋಚನೆ ಮಾಡಿ. ಪರ್ಮಿಟ್‌ನಲ್ಲಿ ಕೊನೇ ಪಕ್ಷ ಎರಡು ಸಹಿ ಇರುತ್ತವೆ, ಅಲ್ವಾ? ಒಂದು ಆ ಜಾಗ ಯಾರ ಕೈಯಲ್ಲಿದೆಯೋ ಅವರದು, ಇನ್ನೊಂದು ಕೆಲಸ ಮಾಡಿಸುವವರದು. ಪೈಪಿನಲ್ಲಿ ಏನು ಹರಿಯುತ್ತದೆ, ಯಾವ ವಾಲ್ವ್ ಪೂರ್ತಿ ಮುಚ್ಚೋದಿಲ್ಲ ಅನ್ನೋದು ಮೊದಲನೆಯವರಿಗೆ ಗೊತ್ತು. ಗ್ರೈಂಡರ್ ತರುತ್ತಾರಾ, ಗ್ಯಾಸ್ ಕಟರ್ ತರುತ್ತಾರಾ, ಎಷ್ಟು ಜನ ಬರುತ್ತಾರೆ ಅನ್ನೋದು ಎರಡನೆಯವರಿಗೆ ಗೊತ್ತು. ಇಬ್ಬರೂ ಆ ಪೈಪಿನ ಪಕ್ಕದಲ್ಲೇ ನಿಂತು ಮಾತಾಡಿದಾಗ "ಅಯ್ಯೋ, ಈ ವಾಲ್ವ್ ಹೋದ ವಾರದಿಂದ ತೊಟ್ಟಿಕ್ಕುತ್ತಿದೆ ಕಣ್ರೀ" ಅನ್ನೋ ಮಾತು ಹೊರಗೆ ಬರುತ್ತದೆ. ಆಫೀಸಿನ ಟೇಬಲ್ ಮೇಲೆ ಆ ಮಾತು ಯಾವತ್ತೂ ಬರೋದಿಲ್ಲ.

ಒಂದು ಕಾರ್ಖಾನೆಯಲ್ಲಿ ಹಳೇ ಪರ್ಮಿಟ್ ಪುಸ್ತಕ ತಿರುವಿ ಹಾಕಿದ್ದೆ. ಟ್ಯಾಂಕ್ ಒಳಗಿನ ಕೆಲಸದ ಹಾಳೆಗಳು. ಆಕ್ಸಿಜನ್ 20.9, ಉರಿಯುವ ಗ್ಯಾಸ್ ಸೊನ್ನೆ, ವಿಷದ ಗ್ಯಾಸ್ ಸೊನ್ನೆ. ಪ್ರತಿ ಹಾಳೆಯಲ್ಲೂ ಅದೇ ಅಂಕಿ, ಅದೇ ನೀಲಿ ಪೆನ್ನು, ಟೈಮ್ ಅಂತ ಇರುವ ಕಡೆ ಎಲ್ಲದರಲ್ಲೂ 9.30. ಗ್ಯಾಸ್ ಮೀಟರ್ ತೋರಿಸಿ ಅಂದೆ. ಸ್ಟೋರ್ಸ್ ಬೀರುವಿನಿಂದ ತಂದುಕೊಟ್ಟರು. ಆನ್ ಆಗಲೇ ಇಲ್ಲ, ಚಾರ್ಜ್ ಮಾಡಿ ಎಷ್ಟು ಕಾಲವಾಗಿತ್ತೋ. ಅಲ್ಲಿ ಅಲ್ಲಿಯವರೆಗೆ ಯಾರೂ ಸತ್ತಿರಲಿಲ್ಲ, ಅದು ಅದೃಷ್ಟ ಅಷ್ಟೇ.

ಸಮಯ ಉಳಿಸೋದಕ್ಕೆ ದಾರಿ ಇದೆ. ಸಣ್ಣಪುಟ್ಟ ಕೆಲಸಕ್ಕೆಲ್ಲ ಪರ್ಮಿಟ್ ಬೇಕು ಅನ್ನೋದನ್ನ ಮೊದಲು ಬಿಡಿ. ಗೇರ್‌ಬಾಕ್ಸ್‌ಗೆ ಆಯಿಲ್ ಹಾಕೋದಕ್ಕೂ ಪರ್ಮಿಟ್ ಬರೆಸಿದರೆ, ಟ್ಯಾಂಕಿಗೆ ಇಳಿಯುವ ಪರ್ಮಿಟ್‌ಗೂ ಜನ ಅಷ್ಟೇ ಬೆಲೆ ಕೊಡುತ್ತಾರೆ. ನಿಜವಾಗಿ ಜೀವ ತೆಗೆಯುವ ಕೆಲಸಗಳಿಗೆ ಮಾತ್ರ ಇಟ್ಟುಕೊಳ್ಳಿ. ಕೆಲಸದ ವಿವರ, ಬೇಕಾದ ಸಾಮಾನು, ಜನರ ಹೆಸರು ಇವನ್ನೆಲ್ಲ ಹಿಂದಿನ ದಿನ ಸಂಜೆಯೇ ಬರೆದಿಡಿ. ಸಹಿ, ಟೈಮ್, ಗ್ಯಾಸ್ ರೀಡಿಂಗ್ ಮಾತ್ರ ಜಾಗದಲ್ಲೇ, ಕೆಲಸ ಶುರುವಾಗುವ ಹೊತ್ತಿಗೆ ಆಗಲಿ.

ಪ್ರಶ್ನೆ: ಜಿಗಣಿಯಲ್ಲಿ ನಮ್ಮದು ಸಣ್ಣ ಫ್ಯಾಬ್ರಿಕೇಶನ್ ಶಾಪ್. ಖಾಲಿ ಥಿನ್ನರ್ ಡ್ರಮ್ ಕತ್ತರಿಸಿ ತೊಟ್ಟಿ ಮಾಡಿಕೊಳ್ಳುತ್ತೇವೆ. ತಿಂಗಳುಗಟ್ಟಲೆ ಖಾಲಿ ಬಿದ್ದಿರುವ ಡ್ರಮ್‌ಗೂ ಹಾಟ್ ವರ್ಕ್ (ಬೆಂಕಿ, ಕಿಡಿ ಬರುವ ಕೆಲಸದ) ಪರ್ಮಿಟ್ ಬೇಕಾ?

ದಯವಿಟ್ಟು ಇವತ್ತೇ ಆ ಕೆಲಸ ನಿಲ್ಲಿಸಿ. ತುಂಬಿದ ಡ್ರಮ್‌ಗಿಂತ ಖಾಲಿ ಡ್ರಮ್ಮೇ ಅಪಾಯ. ತಳದಲ್ಲಿ ಉಳಿದ ಒಂದಿಷ್ಟು ಥಿನ್ನರ್ ಆವಿಯಾಗಿ ಒಳಗಿನ ಗಾಳಿ ಜೊತೆ ಬೆರೆತಿರುತ್ತದೆ, ಕಟರ್ ತಾಗಿದ ತಕ್ಷಣ ಡ್ರಮ್ ಸಿಡಿಯುತ್ತದೆ. ಎಷ್ಟೋ ಸಲ ಮುಚ್ಚಳವೇ ಹಾರಿ ಮುಖಕ್ಕೆ ಬಡಿಯುತ್ತದೆ. ನೀರಲ್ಲಿ ಒಂದು ಸಲ ತೊಳೆದರೆ ಸಾಲದು, ಅಂಚಿನ ಮಡಿಕೆಯಲ್ಲಿ, ತುಕ್ಕಿನ ಪದರದಲ್ಲಿ ಅಂಟಿಕೊಂಡಿದ್ದು ಬಿಸಿ ತಾಗಿದಾಗ ಮತ್ತೆ ಆವಿಯಾಗುತ್ತದೆ. 1948ರ ಫ್ಯಾಕ್ಟರೀಸ್ ಆಕ್ಟ್ ಬರೆದವರಿಗೂ ಇದು ಗೊತ್ತಿತ್ತು. ಉರಿಯುವ ವಸ್ತು ಇದ್ದ ಟ್ಯಾಂಕು, ಪಾತ್ರೆಗಳಲ್ಲಿ ಅದನ್ನೂ ಅದರ ಆವಿಯನ್ನೂ ಪೂರ್ತಿ ತೆಗೆಯದೆ ವೆಲ್ಡಿಂಗ್, ಕಟಿಂಗ್ ಮಾಡಕೂಡದು ಅಂತ ಅದರ 37ನೇ ಸೆಕ್ಷನ್‌ನಲ್ಲೇ ಬರೆದಿದ್ದರು. ನಿಮಗೆ ತೊಟ್ಟಿ ಬೇಕಾದರೆ ಪ್ಲಾಸ್ಟಿಕ್ ಟಬ್ ಕೊಂಡುಕೊಳ್ಳಿ.

ಶಾಪ್‌ನಲ್ಲಿ ಬೇರೆ ವೆಲ್ಡಿಂಗ್ ಇದ್ದೇ ಇರುತ್ತದಲ್ಲ, ಅದಕ್ಕೆ ಒಂದು ಮಾತು. ಕಿಡಿ ನಾವು ಅಂದುಕೊಂಡಿದ್ದಕ್ಕಿಂತ ದೂರ ಹೋಗುತ್ತದೆ. ಸುತ್ತ 11 ಮೀಟರ್ ಒಳಗೆ ಉರಿಯುವಂಥದ್ದು ಏನೂ ಇರಬಾರದು, ಸರಿಸಲು ಆಗದಿದ್ದರೆ ಬೆಂಕಿ ಹಿಡಿಯದ ಬಟ್ಟೆ ಹೊದಿಸಬೇಕು ಅನ್ನೋದು ಎಲ್ಲ ಕಡೆ ಇಟ್ಟುಕೊಂಡಿರುವ ಲೆಕ್ಕ. ಕೆಲಸ ಮುಗಿದ ಮೇಲೆ ಒಬ್ಬರು ಅಲ್ಲೇ ಕಾಯಬೇಕು. ಮೊದಲು ಅರ್ಧ ಗಂಟೆ ಅನ್ನುತ್ತಿದ್ದರು, ಈಗ ಅಮೆರಿಕದ ಅಗ್ನಿ ಸುರಕ್ಷತಾ ಗುಣಮಟ್ಟದಲ್ಲಿ ಒಂದು ಗಂಟೆ ಮಾಡಿದ್ದಾರೆ. ಹತ್ತಿ ವೇಸ್ಟ್, ರಟ್ಟು, ಮರದ ಪುಡಿ ಒಳಗೊಳಗೇ ಹೊಗೆಯಾಡಿ ಆಮೇಲೆ ಹತ್ತಿಕೊಳ್ಳುತ್ತವೆ. ಶಟರ್ ಎಳೆದು ಎಲ್ಲರೂ ಮನೆಗೆ ಹೋದ ಮೇಲೆ ಬೆಂಕಿ ಬೀಳೋದು ಹೀಗೇ.

ಪ್ರಶ್ನೆ: ವೈಟ್‌ಫೀಲ್ಡ್ ಹತ್ತಿರದ ನಮ್ಮ ಅಪಾರ್ಟ್‌ಮೆಂಟ್ ಸಂಘದ ಕಾರ್ಯದರ್ಶಿ ನಾನು. ಎಸ್‌ಟಿಪಿ (ಕೊಳಚೆ ನೀರು ಶುದ್ಧ ಮಾಡುವ ಘಟಕ) ಟ್ಯಾಂಕಿನ ಕೆಸರು ತೆಗೆಸಬೇಕು. ಕಾಂಟ್ರಾಕ್ಟರ್ ಇಬ್ಬರು ಹುಡುಗರನ್ನು ಇಳಿಸುತ್ತೇನೆ ಅನ್ನುತ್ತಿದ್ದಾರೆ. ಪರ್ಮಿಟ್ ಎಲ್ಲ ಫ್ಯಾಕ್ಟರಿಗೆ ತಾನೇ?

ಮೇಡಂ, ನೀವು ಕೇಳಿದ್ದು ತುಂಬ ಒಳ್ಳೇದಾಯಿತು. ಬೆಂಗಳೂರಿನಲ್ಲಿ ನನಗೆ ಅತಿ ಜಾಸ್ತಿ ಭಯ ಇರೋದು ಫ್ಯಾಕ್ಟರಿಗಳ ಬಗ್ಗೆ ಅಲ್ಲ, ಇದೇ ನೆಲಮಾಳಿಗೆಯ ಟ್ಯಾಂಕ್‌ಗಳ ಬಗ್ಗೆ. ಫ್ಯಾಕ್ಟರಿಯಲ್ಲಿ ಕೇಳುವವರು ಒಬ್ಬರಾದರೂ ಇರುತ್ತಾರೆ.

ಕೊಳೆತ ಕೆಸರಿನಲ್ಲಿ ಹೈಡ್ರೋಜನ್ ಸಲ್ಫೈಡ್ ಅನ್ನೋ ಗ್ಯಾಸ್ ಹುಟ್ಟುತ್ತದೆ. ಕೊಳೆತ ಮೊಟ್ಟೆ ವಾಸನೆ. ತುಂಬ ಕಡಿಮೆ ಇದ್ದಾಗಲೇ, ಹತ್ತು ಲಕ್ಷದಲ್ಲಿ ಒಂದು ಪಾಲು ಕೂಡ ಇಲ್ಲದಾಗಲೇ ಮೂಗಿಗೆ ಗೊತ್ತಾಗುತ್ತದೆ. ಆದರೆ ನೂರು ಪಾಲಿನ ಹತ್ತಿರ ಬಂದಾಗ ಮೂಗು ಸತ್ತುಹೋಗುತ್ತದೆ, ವಾಸನೆಯೇ ಬರೋದಿಲ್ಲ. "ಈಗ ವಾಸನೆ ಹೋಯ್ತು, ಇಳಿಯಬಹುದು" ಅಂತ ಹುಡುಗರು ಅಂದುಕೊಳ್ಳೋದು ಆವಾಗಲೇ. ಇನ್ನೂ ಜಾಸ್ತಿಯಾದರೆ ಒಂದೆರಡು ಉಸಿರಿಗೇ ಬೀಳಬಹುದು. ಇದು ಗಾಳಿಗಿಂತ ಭಾರ, ತಳದಲ್ಲಿ ಕೂತಿರುತ್ತದೆ. ಮೇಲಿನಿಂದ ಮೀಟರ್ ಹಿಡಿದು ನೋಡಿದರೆ ಎಲ್ಲ ಸರಿ ಇದೆ ಅಂತಲೇ ತೋರಿಸುತ್ತದೆ. ಅದಕ್ಕೇ ಮೇಲೆ, ಮಧ್ಯೆ, ತಳದಲ್ಲಿ ಮೂರು ಕಡೆ ನೋಡಬೇಕು. ಮೂರು ಕಡೆ ಸರಿ ಇದ್ದರೂ ಕೆಸರನ್ನು ಕಾಲಲ್ಲಿ ಕಲಕಿದ ತಕ್ಷಣ ಒಳಗೆ ಸಿಕ್ಕಿಕೊಂಡಿದ್ದ ಗ್ಯಾಸ್ ಒಟ್ಟಿಗೆ ಮೇಲೆ ಬರುತ್ತದೆ, ಹಾಗಾಗಿ ಬೆಳಿಗ್ಗೆ ತೆಗೆದ ರೀಡಿಂಗ್ ಮಧ್ಯಾಹ್ನಕ್ಕೆ ಯಾವ ಕೆಲಸಕ್ಕೂ ಬರೋದಿಲ್ಲ.

ಒಬ್ಬ ಬಿದ್ದರೆ ಇನ್ನೊಬ್ಬ ಸುಮ್ಮನೆ ನಿಂತಿರೋದಿಲ್ಲ. ಅಣ್ಣ ಬಿದ್ದ ಅಂತ ತಮ್ಮ ಇಳಿಯುತ್ತಾನೆ, ಅವನನ್ನು ಎತ್ತೋದಕ್ಕೆ ಸೆಕ್ಯುರಿಟಿಯವರು ಇಳಿಯುತ್ತಾರೆ. ಇಂಥ ಜಾಗಗಳಲ್ಲಿ ಸತ್ತವರಲ್ಲಿ 60 ಶೇಕಡಕ್ಕೂ ಹೆಚ್ಚು ಜನ ಬೇರೆಯವರನ್ನು ಉಳಿಸಲು ಇಳಿದವರು ಅಂತ ಅಮೆರಿಕದ ಕಾರ್ಮಿಕ ಸುರಕ್ಷತಾ ಸಂಶೋಧನಾ ಸಂಸ್ಥೆ 1986ರಲ್ಲೇ ಎಚ್ಚರಿಸಿತ್ತು.

ಕಾನೂನು ಹೇಳಬೇಕೆಂದರೆ, ಸೆಪ್ಟಿಕ್ ಟ್ಯಾಂಕ್, ಚರಂಡಿಗಳಿಗೆ ರಕ್ಷಣಾ ಸಲಕರಣೆ ಇಲ್ಲದೆ ಮನುಷ್ಯರನ್ನು ಇಳಿಸೋದನ್ನು ಮಲ ಹೊರುವ ಪದ್ಧತಿ ತಡೆಯುವ 2013ರ ಕಾಯ್ದೆ ನಿಷೇಧಿಸಿದೆ. ಚರಂಡಿಯಲ್ಲಿ ಸತ್ತವರ ಕುಟುಂಬಕ್ಕೆ ಕೊಡುವ ಪರಿಹಾರವನ್ನು 10 ಲಕ್ಷದಿಂದ 30 ಲಕ್ಷಕ್ಕೆ ಏರಿಸಬೇಕೆಂದು ಸುಪ್ರೀಂ ಕೋರ್ಟ್ 2023ರ ಅಕ್ಟೋಬರ್‌ನಲ್ಲಿ ಹೇಳಿದೆ. ಆದ್ದರಿಂದ ಕಾಂಟ್ರಾಕ್ಟರ್‌ಗೆ "ಆಗಲ್ಲ" ಅನ್ನಿ. ಸಕ್ಕಿಂಗ್ ಗಾಡಿ ತರಿಸಿ, ಪೈಪ್ ಬಿಟ್ಟು ಮೇಲಿನಿಂದಲೇ ತೆಗೆಸಿ. ಒಳಗೆ ಇಳಿಯಲೇಬೇಕಾದ ಕೆಲಸವಾದರೆ ಅದಕ್ಕೆ ತರಬೇತಿ ಇರುವ ಸಂಸ್ಥೆಯನ್ನೇ ಕರೆಯಿರಿ. ಬ್ಲೋವರ್, ಮೈಮೇಲೆ ಕಟ್ಟಿಕೊಳ್ಳುವ ಗ್ಯಾಸ್ ಮೀಟರ್, ಗಾಳಿ ಒದಗಿಸುವ ಮಾಸ್ಕ್, ಪೂರ್ತಿ ಮೈಗೆ ಬರುವ ಬೆಲ್ಟ್, ಅದರ ಹಗ್ಗ ಹಿಡಿದು ಮೇಲೆ ನಿಲ್ಲುವ ಒಬ್ಬ ಮನುಷ್ಯ, ಎಳೆಯೋದಕ್ಕೆ ಮೂರು ಕಾಲಿನ ಸ್ಟ್ಯಾಂಡ್. ಇಷ್ಟೂ ಕಣ್ಣಿಗೆ ಕಾಣುವವರೆಗೆ ಮುಚ್ಚಳ ತೆಗೆಯೋದಕ್ಕೂ ಬಿಡಬೇಡಿ. ಗಾಳಿ ಬರಲಿ ಅಂತ ವೆಲ್ಡಿಂಗ್ ಸಿಲಿಂಡರಿನ ಆಕ್ಸಿಜನ್ ಬಿಡುವವರೂ ಇದ್ದಾರೆ, ಅದನ್ನಂತೂ ಖಂಡಿತ ಮಾಡಕೂಡದು, ಒಂದು ಕಿಡಿಗೆ ಬಟ್ಟೆಯೆಲ್ಲ ಧಗ್ಗನೆ ಹತ್ತಿಕೊಳ್ಳುತ್ತದೆ. ಒಳಗೆ ಲೈಟ್ ಬಿಡುವುದಾದರೆ 24 ವೋಲ್ಟ್‌ನದೇ ಇರಲಿ, ಮನೆಯ 230 ವೋಲ್ಟ್ ಲೈನ್ ಬೇಡ.

ಪ್ರಶ್ನೆ: ದಾಬಸ್‌ಪೇಟೆಯಲ್ಲಿ ನೈಟ್ ಶಿಫ್ಟ್ ಎಲೆಕ್ಟ್ರಿಷಿಯನ್. ಹಗಲಿನವರು ಅರ್ಧ ಮಾಡಿದ ಕೆಲಸ ನಮ್ಮ ಕೈಗೆ ಬರುತ್ತದೆ. ಹಳೇ ಪರ್ಮಿಟ್ ಮೇಲೇ ಮುಂದುವರಿಸಬಹುದಾ?

ಬೇಡ. ಪರ್ಮಿಟ್ ಒಂದು ಶಿಫ್ಟ್‌ಗೆ ಅಂತಲೇ ಇಟ್ಟುಕೊಳ್ಳಿ. ಮುಂದುವರಿಸಬೇಕಾದರೆ ಹೋಗುವವರು, ಬರುವವರು ಇಬ್ಬರೂ ಮೆಷಿನ್ ಹತ್ತಿರ ಹೋಗಿ, ಏನೇನು ಬಿಚ್ಚಿದೆ, ಏನು ಮುಚ್ಚಿದೆ ಅಂತ ನೋಡಿ ಮತ್ತೆ ಸಹಿ ಹಾಕಬೇಕು.

ಬ್ರಿಟನ್ ಪಕ್ಕದ ಉತ್ತರ ಸಮುದ್ರದಲ್ಲಿ ಪೈಪರ್ ಆಲ್ಫಾ ಅಂತ ಒಂದು ತೈಲ ಬಾವಿಯ ಕಟ್ಟೆ ಇತ್ತು. 1988ರ ಜುಲೈ 6ರಂದು ಹಗಲಿನವರು ಒಂದು ಪಂಪಿನ ಸೇಫ್ಟಿ ವಾಲ್ವ್ ಬಿಚ್ಚಿ ರಿಪೇರಿಗೆ ಒಯ್ದರು. ಸಂಜೆಯೊಳಗೆ ಮುಗಿಯಲಿಲ್ಲ, ಪೈಪಿನ ಬಾಯಿಗೆ ಒಂದು ತಟ್ಟೆ ಮುಚ್ಚಿ ಹೋದರು. ರಾತ್ರಿ ಇನ್ನೊಂದು ಪಂಪು ಕೆಟ್ಟಿತು. ರಾತ್ರಿಯವರಿಗೆ ಗೊತ್ತಿದ್ದದ್ದು ಪಂಪಿನ ಸರ್ವಿಸ್‌ಗೆ ಅಂತ ಇದ್ದ ಬೇರೊಂದು ಪರ್ಮಿಟ್ ಮಾತ್ರ, ಆ ಕೆಲಸ ಇನ್ನೂ ಶುರುವಾಗಿರಲಿಲ್ಲ. ವಾಲ್ವ್ ಬಿಚ್ಚಿದ ಪರ್ಮಿಟ್ ಅವರ ಕಣ್ಣಿಗೆ ಬೀಳಲೇ ಇಲ್ಲ. ವಾಲ್ವ್ ಬಿಚ್ಚಿದ್ದ ಆ ಮೊದಲ ಪಂಪ್ ಸರಿಯಾಗೇ ಇದೆ ಅಂದುಕೊಂಡು ಚಾಲೂ ಮಾಡಿದರು. ಗ್ಯಾಸ್ ಸೋರಿ ಸ್ಫೋಟವಾಯಿತು, 167 ಜನ ಸತ್ತರು. ತನಿಖೆ ಮಾಡಿದ ಲಾರ್ಡ್ ಕಲನ್ 1990ರ ವರದಿಯಲ್ಲಿ 106 ಶಿಫಾರಸು ಕೊಟ್ಟರು, ಅಲ್ಲಿನ ಪರ್ಮಿಟ್ ಪದ್ಧತಿ ಎಷ್ಟು ಸಡಿಲವಾಗಿತ್ತು ಅನ್ನೋದನ್ನು ಬಿಡಿಸಿ ಹೇಳಿದರು. ಪರ್ಮಿಟ್ ಬರೆದಿದ್ದರು ನೋಡಿ. ಬೇಕಾದವರ ಕೈಗೆ ತಲುಪಲಿಲ್ಲ.

ಒಂದೇ ಮೆಷಿನ್ನಿಗೆ ಸೇರಿದ ಎಲ್ಲ ಪರ್ಮಿಟ್‌ಗಳನ್ನೂ ಒಂದೇ ಬೋರ್ಡಿನಲ್ಲಿ ತೂಗುಹಾಕಿ ಅಂತ ನಿಮ್ಮ ಇಂಜಿನಿಯರ್‌ಗೆ ಹೇಳಿ. ನೀವು ಎಲೆಕ್ಟ್ರಿಷಿಯನ್ ಆದ್ದರಿಂದ ಆಫ್ ಮಾಡಿದ ಸ್ವಿಚ್ಚಿಗೆ ನಿಮ್ಮದೇ ಬೀಗ, ಒಂದೇ ಕೀ, ಅದು ನಿಮ್ಮ ಜೇಬಿನಲ್ಲಿ. ಬೆಸ್ಕಾಂ ಲೈನ್‌ಮನ್‌ಗಳು ಕಂಬ ಹತ್ತುವ ಮುಂಚೆ ಎಲ್‌ಸಿ (ಲೈನ್ ಕ್ಲಿಯರ್, ಅಂದರೆ ಲೈನ್ ಆಫ್ ಮಾಡಿದ್ದೇವೆ ಅನ್ನೋ ಒಪ್ಪಿಗೆ) ತಗೊಳ್ಳುತ್ತಾರಲ್ಲ, ಅದೂ ಪರ್ಮಿಟ್ಟೇ. ತಗೊಂಡವರೇ ಬಂದು ವಾಪಸ್ ಮಾಡುವವರೆಗೆ ಲೈನ್ ಚಾರ್ಜ್ ಮಾಡಕೂಡದು. ಎಲ್‌ಸಿ ಸಿಕ್ಕ ಮೇಲೂ ಟೆಸ್ಟರ್ ಹಿಡಿದು ನೋಡಿ, ಅರ್ಥಿಂಗ್ ಹಾಕಿಯೇ ಕೈ ಇಡಿ. ಪಕ್ಕದ ಕಟ್ಟಡದ ಜನರೇಟರ್‌ನಿಂದ ಕರೆಂಟ್ ಹಿಂದಕ್ಕೆ ಬರಬಹುದು.

ಪ್ರಶ್ನೆ: ಶೆಡ್ಡಿನ ಸಿಮೆಂಟ್ ಶೀಟ್ ಒಡೆದಿದೆ, ಹತ್ತೇ ನಿಮಿಷದ ಕೆಲಸ. ಅದಕ್ಕೂ ಪರ್ಮಿಟ್ಟಾ?

ಹೌದು. ಸಿಮೆಂಟ್ ಶೀಟ್ ಮನುಷ್ಯನ ಭಾರ ತಡೆಯೋದಿಲ್ಲ, ಹಳೇದಾದರೆ ಕೇಳಲೇಬೇಡಿ. ಬೋಲ್ಟ್ ಸಾಲಿನ ಮೇಲೆ ಹುಷಾರಾಗಿ ನಡೆದರೆ ಆಯ್ತು ಅನ್ನುತ್ತಾರೆ, ಕಾಲು ಜಾರೋದು ಒಂದೇ ಕ್ಷಣ. ಅಡ್ಡ ಹಲಗೆ ಹಾಸಬೇಕು, ಬೆಲ್ಟನ್ನು ಗಟ್ಟಿ ಹಗ್ಗಕ್ಕೆ ಸಿಕ್ಕಿಸಬೇಕು, ಕೆಳಗಡೆ ಯಾರೂ ಓಡಾಡದಂತೆ ಟೇಪ್ ಕಟ್ಟಬೇಕು. ಮಳೆ ಬಂದಿದ್ದರೆ ಅವತ್ತು ಬೇಡವೇ ಬೇಡ.

ಪ್ರಶ್ನೆ: ನಾನು ಕಾಂಟ್ರಾಕ್ಟ್ ಕೆಲಸಗಾರ. ಪರ್ಮಿಟ್ ಇಲ್ಲದೆ ಮಾಡಲ್ಲ ಅಂದರೆ ನಾಳೆಯಿಂದ ಬರಬೇಡ ಅನ್ನುತ್ತಾರೆ. ಏನು ಮಾಡಲಿ?

ತಮ್ಮಾ, ಇದಕ್ಕೆ ಸುಲಭದ ಉತ್ತರ ಇದೆ ಅಂತ ನಿನಗೆ ಸುಳ್ಳು ಹೇಳಲಾರೆ. ನೇರವಾಗಿ "ಮಾಡಲ್ಲ" ಅನ್ನೋದಕ್ಕಿಂತ ಕೆಲಸದ ಪ್ರಶ್ನೆ ಕೇಳು. "ಸರ್, ಮೇನ್ ಆಫ್ ಮಾಡಿದ್ದೀರಾ? ಗ್ಯಾಸ್ ಚೆಕ್ ಆಯ್ತಾ, ರೀಡಿಂಗ್ ಎಷ್ಟು? ಹಗ್ಗ ಯಾರು ಹಿಡೀತಾರೆ?" ಎದುರಿಗೆ ಕೇಳಿದಾಗ "ಇಲ್ಲ, ಆದರೂ ಇಳಿ" ಅನ್ನೋದಕ್ಕೆ ಬಹಳ ಜನರಿಗೆ ಬಾಯಿ ಬರೋದಿಲ್ಲ. ನಾಲ್ಕು ಜನ ಸೇರಿ ಕೇಳಿದರೆ ಇನ್ನೂ ಒಳ್ಳೇದು. ಕಂಪನಿಯ ಸೇಫ್ಟಿ ಆಫೀಸರ್ ನಂಬರ್ ಇಟ್ಟುಕೋ, ಕಾಂಟ್ರಾಕ್ಟರ್‌ನನ್ನು ದಾಟಿ ಅವರಿಗೆ ಹೇಳಬಹುದು. ಅಲ್ಲೂ ಕೇಳದಿದ್ದರೆ ಕಾರ್ಖಾನೆ ಮತ್ತು ಬಾಯ್ಲರ್‌ಗಳ ಇಲಾಖೆಗೆ ದೂರು ಕೊಡು, ಕಚೇರಿ ಬನ್ನೇರುಘಟ್ಟ ರಸ್ತೆಯ ಕಾರ್ಮಿಕ ಭವನದಲ್ಲಿದೆ.

ಮಾಲೀಕರು ಇದನ್ನು ಓದುತ್ತಿದ್ದರೆ ಅವರಿಗೂ ಒಂದು ಮಾತು. ನಿಮ್ಮ ಪರ್ಮಿಟ್ ಇಂಗ್ಲಿಷಿನಲ್ಲಿದೆ. ಕೆಲಸ ಮಾಡುವ ಹುಡುಗರು ರಾಯಚೂರಿನವರು, ಬಿಹಾರದವರು, ಒಡಿಶಾದವರು. ಕನ್ನಡದಲ್ಲೂ ಹಿಂದಿಯಲ್ಲೂ ಅಚ್ಚು ಹಾಕಿಸಿ. ಓದಲು ಬಾರದವರಿಗೆ ಸೂಪರ್‌ವೈಸರ್ ಜಾಗದಲ್ಲೇ ಗಟ್ಟಿಯಾಗಿ ಓದಿ ಹೇಳಲಿ, ಆಮೇಲೆ ಅವರ ಬಾಯಿಂದ ವಾಪಸ್ ಹೇಳಿಸಲಿ. ಹೆಬ್ಬೆಟ್ಟು ಒತ್ತಿಸಿಕೊಳ್ಳೋದು ಅದಾದ ಮೇಲೆ.